ಮಾರಿದರೆ ಲಾಭವಿಲ್ಲದ ಮನೆ

ಹಿಮದ ಊರಿನಲ್ಲಿ ಮನೆ ಕೊಂಡೆವೆಂದು ಫೋನ್ ಮಾಡಿ ತಿಳಿಸಿದಾಗ ಚಿಕ್ಕಮಗಳೂರಿನ ನಮ್ಮ ಚಾಚಾ ಕೇಳಿದ ಮೊದಲ ಪ್ರಶ್ನೆ, "ಹತ್ತು ವರ್ಷ ಬಿಟ್ಟು ಮಾರಿದರೆ ಎಷ್ಟು ಬರುತ್ತದೆ ಬೇಟಾ?" ಎಂಬುದು.

"ಹೆಚ್ಚೇನೂ ಬರುವುದಿಲ್ಲ ಚಾಚಾ. ವರ್ಷಕ್ಕೆ ಶೇಕಡಾ 3ರ ಆಸುಪಾಸಿನಲ್ಲಷ್ಟೇ ಬೆಲೆ ಏರಿಸಬಹುದು. ಕ್ರಯಪತ್ರದಲ್ಲೇ ಹಾಗೆ ಬರೆದಿದೆ."

"ಹಾಗಾದರೆ ಅದು ನಿಮ್ಮ ಮನೆ ಹೇಗಾಯಿತು?"

ಆಗ ನಮಗೆ ಸರಿಯಾಗಿ ಉತ್ತರಿಸಲಾಗಲಿಲ್ಲ. ಪ್ರಶ್ನೆ ಮಾತ್ರ ಮನಸ್ಸಿನಲ್ಲೇ ಉಳಿದುಬಿಟ್ಟಿತು.

ನಾವಿರುವುದು ಅಮೆರಿಕದ ಕೊಲೊರಾಡೊ ರಾಜ್ಯದ ಸಮ್ಮಿಟ್ ಕೌಂಟಿಯಲ್ಲಿ, ಬ್ರೆಕೆನ್‌ರಿಜ್ ಎಂಬ ಪುಟ್ಟ ಪಟ್ಟಣದಲ್ಲಿ. ಸಮುದ್ರಮಟ್ಟದಿಂದ 9,600 ಅಡಿ, ಅಂದರೆ ಸುಮಾರು 2,926 ಮೀಟರ್ ಎತ್ತರ. ನಮ್ಮ ಕಡೆಯವರಿಗೆ ಅತಿ ಎತ್ತರವೆಂದರೆ ಮುಳ್ಳಯ್ಯನಗಿರಿ. ಅದು 1,930 ಮೀಟರ್. ಅದಕ್ಕಿಂತ ಸುಮಾರು ಒಂದು ಸಾವಿರ ಮೀಟರ್ ಮೇಲೆ ಇಲ್ಲಿ ಜನ ಅಂಗಡಿ, ಶಾಲೆ, ಕಚೇರಿ ಎಂದು ಬದುಕುತ್ತಿದ್ದಾರೆ. 1859ರಲ್ಲಿ ಚಿನ್ನ ಹುಡುಕಿ ಬಂದವರು ಕಟ್ಟಿದ ಊರಿದು. ಚಿನ್ನ ಮುಗಿದ ಮೇಲೆ ಊರು ಬರಿದಾಗುತ್ತ ಬಂತು. 1961ರ ಡಿಸೆಂಬರಿನಲ್ಲಿ ಬೆಟ್ಟದ ಇಳಿಜಾರಿನಲ್ಲಿ ಸ್ಕೀ ತಾಣ ಶುರುವಾಯಿತು. 1973ರಲ್ಲಿ ಐಸೆನ್‌ಹೋವರ್ ಸುರಂಗದ ಮೂಲಕ ವಾಹನಗಳು ಓಡತೊಡಗಿದ ಮೇಲೆ ಡೆನ್ವರ್ ನಗರದಿಂದ ಬರುವುದು ಸುಲಭವಾಯಿತು. ಮಣ್ಣಿನಡಿಯ ಚಿನ್ನ ಹೋಗಿ ಮಣ್ಣಿನ ಮೇಲೆ ಬೀಳುವ ಹಿಮವೇ ಚಿನ್ನವಾಯಿತು.

ಇಲ್ಲಿನ ಬದುಕು ಚಿತ್ರದಲ್ಲಿ ಕಂಡಷ್ಟು ಸುಲಭವಲ್ಲ. ಬಂದ ಹೊಸದರಲ್ಲಿ ಒಂದು ಮಹಡಿ ಹತ್ತಿದರೂ ಏದುಸಿರು. ನೀರು 90 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಅನ್ನ ಅಗುಳು ಗಟ್ಟಿಯಾಗಿಯೇ ಉಳಿಯುತ್ತದೆ. ಊರಿನಿಂದ ತಂದ ಕುಕ್ಕರ್ ಇಲ್ಲದಿದ್ದರೆ ನಾವು ಬೇಳೆಯ ರುಚಿಯನ್ನೇ ಮರೆಯುತ್ತಿದ್ದೆವೋ ಏನೋ. ಅಕ್ಟೋಬರಿನಲ್ಲಿ ಆರಂಭವಾದ ಹಿಮ ಮೇ ತಿಂಗಳವರೆಗೂ ಬೀಳುವುದುಂಟು. ಕೆಲವು ಬೆಳಿಗ್ಗೆ ಫಜರ್ ನಮಾಜ್ ಮುಗಿಸಿ ಸಲಿಕೆ ಹಿಡಿದು ಬಾಗಿಲ ಮುಂದಿನ ದಾರಿ ಬಿಡಿಸದೆ ಕೆಲಸಕ್ಕೆ ಹೊರಡುವಂತಿಲ್ಲ. ಮನೆ ನೋಡಲು ಹೋದಾಗ ಬಣ್ಣ, ಅಡಿಗೆಕೋಣೆ ನೋಡುವುದಕ್ಕಿಂತ ಮೊದಲು ಮಾಡು ಎಷ್ಟು ಹಿಮದ ಭಾರ ತಾಳುತ್ತದೆ, ಚಳಿಗೆ ಪೈಪು ಒಡೆದ ಇತಿಹಾಸವಿದೆಯೇ, ನೆಲದಡಿಯಿಂದ ರೇಡಾನ್ ಅನಿಲ ಏರುತ್ತಿದೆಯೇ, ಸುತ್ತಲಿನ ಪೈನ್ ಮರಗಳಿಂದ ಬೆಂಕಿಯ ಭಯವೆಷ್ಟು ಎಂದು ಕೇಳಬೇಕು. 2018ರ ಜೂನಿನಲ್ಲಿ ಇದೇ ಕೌಂಟಿಯ ಸಿಲ್ವರ್‌ಥಾರ್ನ್ ಬಳಿ ಬಫಲೋ ಬೆಟ್ಟದಲ್ಲಿ ಕಾಳ್ಗಿಚ್ಚು ಎದ್ದು ನೂರಾರು ಕುಟುಂಬಗಳು ಮನೆ ಬಿಟ್ಟು ಓಡಬೇಕಾಯಿತು. ಮೊದಲೇ ಮರ ಕಡಿದು ಬೆಂಕಿಪಟ್ಟಿ ಮಾಡಿದ್ದರಿಂದ ಮನೆಗಳು ಉಳಿದವು.

ಇವೆಲ್ಲಕ್ಕೂ ಹೊಂದಿಕೊಳ್ಳಬಹುದು. ಹೊಂದಿಕೊಳ್ಳಲಾಗದ್ದು ಬೇರೆಯೇ ಇತ್ತು. ರಾತ್ರಿ ಕೆಲಸ ಮುಗಿಸಿ ಬಸ್ಸಿನಲ್ಲಿ ಬರುವಾಗ ಬೀದಿಯುದ್ದಕ್ಕೂ ದೊಡ್ಡ ದೊಡ್ಡ ಮನೆಗಳು ಕಾಣುತ್ತಿದ್ದವು. ಆದರೆ ಕಿಟಕಿಗಳಲ್ಲಿ ಬೆಳಕಿರುತ್ತಿರಲಿಲ್ಲ. ಈ ಕೌಂಟಿಯ ಮನೆಗಳಲ್ಲಿ ಸುಮಾರು ಮೂರನೇ ಎರಡು ಪಾಲು ಬೇರೆಡೆ ವಾಸಿಸುವವರ ರಜಾ ಮನೆಗಳು. ವರ್ಷಕ್ಕೆ ಕೆಲವು ವಾರ ಬಂದು ಹೋಗುತ್ತಾರೆ, ಉಳಿದ ದಿನ ಪ್ರವಾಸಿಗರಿಗೆ ದಿನಬಾಡಿಗೆ. ಆ ಮನೆಗಳ ಹಾಸಿಗೆ ಬದಲಿಸುವವರು, ಹೋಟೆಲಿನ ಪಾತ್ರೆ ತೊಳೆಯುವವರು, ಹಿಮದ ಯಂತ್ರ ಓಡಿಸುವವರು ಮಾತ್ರ 11,500 ಅಡಿಯ ಹೂಸಿಯರ್ ಕಣಿವೆ ದಾಟಿ ಫೇರ್‌ಪ್ಲೇಯಿಂದಲೋ, ಮತ್ತೊಂದು ದಿಕ್ಕಿನ ಲೆಡ್‌ವಿಲ್‌ನಿಂದಲೋ ಬರಬೇಕು. ಹಿಮಗಾಳಿ ಬೀಸಿ ರಸ್ತೆ ಮುಚ್ಚಿದರೆ ಅವರ ಅಂದಿನ ಕೂಲಿಯೂ ಇಲ್ಲ.

2021ರಲ್ಲಿ ಆ ಬಿಸಿ ನಮಗೂ ತಟ್ಟಿತು. ಕೋವಿಡ್ ಬಂದ ಮೇಲೆ ನಗರದ ಶ್ರೀಮಂತರು ಮನೆಯಿಂದಲೇ ಕೆಲಸ ಮಾಡಲು ಬೆಟ್ಟಗಳಿಗೆ ಬರತೊಡಗಿ ಬೆಲೆ ಆಕಾಶಕ್ಕೇರಿತ್ತು. ನಾಲ್ಕು ವರ್ಷ ಬಾಡಿಗೆಗಿದ್ದ ಮನೆಯನ್ನು ಮಾಲೀಕರು ಮಾರಿದರು. ಹೊಸಬರು ದಿನಬಾಡಿಗೆಗೆ ಬಿಡುವವರು. ಎರಡು ತಿಂಗಳಲ್ಲಿ ಖಾಲಿ ಮಾಡಿರೆಂದು ಪತ್ರ ಬಂತು. ನಮ್ಮಲ್ಲಿ ಒಬ್ಬರು ಹೋಟೆಲಿನ ಲೆಕ್ಕಪತ್ರ ನೋಡುವವರು, ಮತ್ತೊಬ್ಬರು ಶಾಲೆಯಲ್ಲಿ ಸಹಾಯಕ ಶಿಕ್ಷಕಿ. ಇಬ್ಬರ ಸಂಬಳ ಸೇರಿಸಿದರೂ ಪೇಟೆ ಬೆಲೆಯ ಮನೆ ಕನಸಿನ ಮಾತೇ ಆಗಿತ್ತು. ಇಲ್ಲಿ ಬಿಡಿ ಮನೆಯ ಸರಾಸರಿ ಬೆಲೆ 20 ಲಕ್ಷ ಡಾಲರ್ ದಾಟಿದೆ.

ನಮ್ಮಂಥವರಿಗೆ ಉಳಿದಿದ್ದ ಒಂದೇ ದಾರಿ 'ಡೀಡ್ ರಿಸ್ಟ್ರಿಕ್ಷನ್', ಅಂದರೆ ನಿರ್ಬಂಧವಿರುವ ಕ್ರಯಪತ್ರದ ಮನೆ. ಬ್ರೆಕೆನ್‌ರಿಜ್‌ನ ವೆಲ್ಲಿಂಗ್ಟನ್ ಬಡಾವಣೆ ಇದಕ್ಕೆ ಹೆಸರಾದದ್ದು. ಹಿಂದೆ ಚಿನ್ನಕ್ಕಾಗಿ ನೆಲವನ್ನು ಬಗೆದು ಕಲ್ಲುರಾಶಿ ಬಿಟ್ಟುಹೋಗಿದ್ದ ಜಾಗವನ್ನು ಸರಿಪಡಿಸಿ ಅಲ್ಲಿ ಮನೆಗಳನ್ನು ಕಟ್ಟಿದರು. ಅವುಗಳಲ್ಲಿ ಹೆಚ್ಚಿನವು ಸ್ಥಳೀಯ ದುಡಿಮೆಗಾರರಿಗೇ ಮೀಸಲು. ಕೊಳ್ಳುವವರು ಕೌಂಟಿಯೊಳಗೆ ವಾರಕ್ಕೆ ಕನಿಷ್ಠ 30 ಗಂಟೆ ದುಡಿಯುತ್ತಿರಬೇಕು, ಆ ಮನೆಯಲ್ಲೇ ವಾಸಿಸಬೇಕು, ಮಾರುವಾಗ ನಿಗದಿತ ಮಿತಿಗಿಂತ ಹೆಚ್ಚು ಬೆಲೆ ಕೇಳಬಾರದು. ಪಕ್ಕದ ವೇಲ್ ಪಟ್ಟಣವಂತೂ 2017ರಿಂದ, ಇರುವ ಮನೆಗಳ ಮಾಲೀಕರಿಗೇ ಹಣ ಕೊಟ್ಟು ಇಂಥ ನಿರ್ಬಂಧವನ್ನು ಕೊಳ್ಳುತ್ತಿದೆ. ಬ್ರೆಕೆನ್‌ರಿಜ್ 2021ರಲ್ಲಿ ದಿನಬಾಡಿಗೆಯ ಪರವಾನಗಿಗಳಿಗೆ ಮಿತಿ ಹಾಕಿತು.

ಮನೆಗಳು ಕಡಿಮೆ, ಬೇಕೆನ್ನುವವರು ಹೆಚ್ಚು. ಹಾಗಾಗಿ ಚೀಟಿ ಎತ್ತುತ್ತಾರೆ. ಎರಡು ಸಲ ನಮ್ಮ ಹೆಸರು ಬರಲಿಲ್ಲ. ಮೂರನೆಯ ಸಲ ಬಂತು. ಅಲ್ಲಿಂದ ನಮ್ಮ ನಿಜವಾದ ಪರೀಕ್ಷೆ ಶುರುವಾಯಿತು.

ಪರೀಕ್ಷೆ ಬಡ್ಡಿಯದ್ದು. ಬ್ಯಾಂಕಿನಲ್ಲಿ ಮೂವತ್ತು ವರ್ಷದ ಸಾಲ ಸಿದ್ಧವಾಗಿತ್ತು, ಸಹಿ ಮಾಡಿದರೆ ಮುಗಿಯಿತು. ಬಲ್ಲವರನ್ನು ಕೇಳಿದೆವು. ಯುರೋಪಿನ ಫತ್ವಾ ಮತ್ತು ಸಂಶೋಧನಾ ಮಂಡಳಿ 1999ರಲ್ಲೇ, ಬೇರೆ ದಾರಿ ಇಲ್ಲದಿದ್ದರೆ ವಾಸದ ಮನೆಗೆ ಇಂಥ ಸಾಲ ಪಡೆಯಬಹುದೆಂದು ಅಭಿಪ್ರಾಯಪಟ್ಟಿದೆ ಎಂದು ಒಬ್ಬರು ತಿಳಿಸಿದರು. ಬಾಡಿಗೆ ಮನೆ ಸಿಗುವ ತನಕ ಅದು ಅನಿವಾರ್ಯತೆ ಹೇಗಾಗುತ್ತದೆ ಎಂದು ಇನ್ನೊಬ್ಬರು ಕೇಳಿದರು. ಇಬ್ಬರೂ ಓದಿದವರು, ಇಬ್ಬರೂ ದೇವಭಯವುಳ್ಳವರು. ನಿರ್ಧಾರ ನಮ್ಮದೇ ಆಗಬೇಕಿತ್ತು. ನಾವು ಪಾಲುದಾರಿಕೆಯ ದಾರಿ ಹಿಡಿದೆವು. ಇದರಲ್ಲಿ ಸಂಸ್ಥೆಯೂ ನಾವೂ ಸೇರಿ ಮನೆ ಕೊಳ್ಳುತ್ತೇವೆ. ಅವರ ಪಾಲನ್ನು ಬಳಸುವುದಕ್ಕೆ ಬಾಡಿಗೆಯಂತೆ ಕೊಡುತ್ತ, ತಿಂಗಳು ತಿಂಗಳು ಆ ಪಾಲನ್ನೇ ಕೊಂಡು ಮುಗಿಸುತ್ತೇವೆ. ಆದರೆ ಆ ಸಂಸ್ಥೆಯವರಿಗೆ ನಿರ್ಬಂಧದ ಕ್ರಯಪತ್ರ ಹೊಸದು. ಕೊಳ್ಳುವವನೇ ವಾಸಿಸಬೇಕು ಎಂದ ಮೇಲೆ ಸಂಸ್ಥೆ ಪಾಲುದಾರನಾಗುವುದು ಹೇಗೆ? ಪತ್ರಗಳು ಹೋದವು, ಬಂದವು. ಗಡುವು ಮುಗಿಯಿತು. ಮನೆ ಪಟ್ಟಿಯಲ್ಲಿ ನಮ್ಮ ನಂತರ ಇದ್ದವರಿಗೆ ಹೋಯಿತು.

ಆ ರಾತ್ರಿ ನಾವಿಬ್ಬರೂ ಸರಿಯಾಗಿ ಮಾತಾಡಲಿಲ್ಲ. ಸಹಿ ಹಾಕಿಬಿಡಬೇಕಿತ್ತೇ ಎಂಬ ಪ್ರಶ್ನೆ ಇಬ್ಬರ ನಡುವೆಯೂ ಇತ್ತು. ನಂಬಿಕೆಯನ್ನು ಉಳಿಸಿಕೊಂಡೆವೆಂಬ ಹೆಮ್ಮೆಯೇನೂ ಆಗ ಇರಲಿಲ್ಲ, ಮನೆ ಕೈತಪ್ಪಿದ ಸಂಕಟವೇ ಇತ್ತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮುಂದಿನ ಒಂದೂವರೆ ವರ್ಷ ಸಹೋದ್ಯೋಗಿಯೊಬ್ಬರ ಮನೆಯ ನೆಲಮಾಳಿಗೆಯಲ್ಲಿ ಕಳೆದೆವು. 2023ರಲ್ಲಿ ಮತ್ತೆ ಹೆಸರು ಬಂತು. ಈ ಸಲ ಮೊದಲೇ ಬೇರೊಂದು ಸಂಸ್ಥೆಯ ವಕೀಲರಿಗೆ ಕ್ರಯಪತ್ರದ ನಕಲು ಕೊಟ್ಟು ಓದಿಸಿದ್ದೆವು. ಅವರು ಒಪ್ಪಿದರು. ಎರಡು ಕೋಣೆಯ ಮನೆ. ಪಾಲುದಾರಿಕೆಯ ಬಾಡಿಗೆಯನ್ನೂ ಪೇಟೆಯ ಬಡ್ಡಿದರ ನೋಡಿಯೇ ಗೊತ್ತುಮಾಡುತ್ತಾರಲ್ಲ ಎಂಬ ಟೀಕೆ ಇದೆ. ಅದರಲ್ಲಿ ಸತ್ಯವೂ ಇದೆ. ಸಿಕ್ಕ ದಾರಿಗಳಲ್ಲಿ ಉತ್ತಮವೆನಿಸಿದ್ದನ್ನು ಆರಿಸಿಕೊಂಡೆವು ಎಂದಷ್ಟೇ ಹೇಳಬಲ್ಲೆವು.

ಹೊಸ ಮನೆಯಲ್ಲಿ ಮೊದಲ ದಿನ ಕಿಬ್ಲಾ ಗುರುತಿಸಿದೆವು. ಊರಿನಲ್ಲಿ ಪಡುವಣಕ್ಕೆ ನಿಲ್ಲುತ್ತಿದ್ದವರು ಇಲ್ಲಿ ಈಶಾನ್ಯಕ್ಕೆ ತಿರುಗುತ್ತೇವೆ. 2024ರ ರಮಝಾನ್ ಮಾರ್ಚ್‌ನಲ್ಲಿ ಬಂತು, ಪ್ರವಾಸಿಗರ ಗದ್ದಲ ಜೋರಾಗಿರುವ ಕಾಲ. ಈ ಕೌಂಟಿಯಲ್ಲಿ ವರ್ಷಗಳಿಂದ ಸೆನೆಗಲ್, ಮಾರಿಟೇನಿಯಾದ ಮುಸ್ಲಿಮರು ಹೋಟೆಲುಗಳಲ್ಲಿ ದುಡಿಯುತ್ತಿದ್ದಾರೆ. ಕೌಂಟಿಯ ಉಚಿತ ಬಸ್ಸಿನಲ್ಲಿ ಸೂರ್ಯಾಸ್ತವಾದರೆ ಒಬ್ಬರ ಚೀಲದ ಖರ್ಜೂರ ಹತ್ತು ಕೈಗಳಿಗೆ ಹೋಗುತ್ತಿತ್ತು. ನಮ್ಮ ಕೈತಪ್ಪಿದ ಮನೆ ಸಿಕ್ಕಿದ್ದು ಬಸ್ ಚಾಲಕರೊಬ್ಬರ ಕುಟುಂಬಕ್ಕೆ. ಈಗ ಅವರು ನಮ್ಮ ಹಿಂದಿನ ಸಾಲಿನವರು. ಮೊದಮೊದಲು ಆ ಮನೆಯ ಮುಂದೆ ಹೋಗುವಾಗ ನಾವು ತಲೆ ಎತ್ತುತ್ತಿರಲಿಲ್ಲ. ಒಂದು ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಅವರೇ ನಮ್ಮ ಬಾಗಿಲ ಹಿಮ ತೆಗೆದಿದ್ದರು. ಈದ್‌ಗೆ ಬಿರಿಯಾನಿ ಕೊಟ್ಟು ಬಂದೆವು. ರಾತ್ರಿ ನಮ್ಮ ಸಾಲಿನ ಎಲ್ಲ ಕಿಟಕಿಗಳಲ್ಲೂ ಬೆಳಕಿರುತ್ತದೆ.

ಕಷ್ಟವಿಲ್ಲವೆಂದಲ್ಲ. ಪೇಟೆಯ ಮನೆಗಳ ಬೆಲೆ ಓಡುತ್ತಿರುವಾಗ ನಮ್ಮದು ನಡೆಯುತ್ತದೆ. ನಾಳೆ ಇಲ್ಲಿಂದ ಹೊರಟರೆ ಈ ಮನೆ ಮಾರಿದ ಹಣ ಡೆನ್ವರ್‌ನಲ್ಲಿ ಇಂಥದೇ ಮನೆಗೆ ಸಾಲಲಿಕ್ಕಿಲ್ಲ. ಬಡಾವಣೆಯ ಸಂಘಕ್ಕೆ ಪ್ರತಿ ತಿಂಗಳೂ ವಂತಿಗೆ ಕಟ್ಟಬೇಕು. ಬೆಂಕಿಯ ಭಯದಿಂದ ವಿಮೆಯೂ ದುಬಾರಿ. ಮನೆಯನ್ನೇ ಬಂಡವಾಳವೆಂದು ನಂಬುವವರಿಗೆ ಇದು ನಷ್ಟದ ವ್ಯಾಪಾರ.

ಆದರೆ ಇಸ್ಲಾಮೀ ಕರ್ಮಶಾಸ್ತ್ರದಲ್ಲಿ ಶುಫ್ಆ ಎಂಬ ಹಕ್ಕೊಂದಿದೆ. ಆಸ್ತಿ ಮಾರುವಾಗ ಅದನ್ನು ಕೊಳ್ಳುವ ಮೊದಲ ಹಕ್ಕು ಪಾಲುದಾರನದು, ಹನಫಿ ಪಂಥದಲ್ಲಿ ನೆರೆಯವನಿಗೂ ಅದು ಉಂಟು. ಮಾರುವ ಸ್ವಾತಂತ್ರ್ಯದ ಮೇಲೆ ಇದು ಒಂದು ನಿರ್ಬಂಧವೇ ಅಲ್ಲವೇ? ಆಸ್ತಿ ನನ್ನದು, ಆದರೆ ಪಕ್ಕದವನ ಬದುಕು ಅದಕ್ಕೆ ಅಂಟಿಕೊಂಡಿದೆ ಎಂಬ ಒಪ್ಪಿಗೆ ಅದರಲ್ಲಿದೆ. ಬಡ್ಡಿಯ ನಿಷೇಧದ ಹಿಂದಿರುವುದೂ, ಇನ್ನೊಬ್ಬನ ಅಗತ್ಯವನ್ನು ಆದಾಯ ಮಾಡಿಕೊಳ್ಳಬೇಡ ಎಂಬ ಮಾತು. ಬಡ್ಡಿ ಕೊಡಲು ಹಿಂಜರಿದ ನಾವು, ನಾಳೆ ಸೂರಿಲ್ಲದ ಬಸ್ ಚಾಲಕನಿಗೋ ದಾದಿಗೋ ಮೂರು ಪಟ್ಟು ಬೆಲೆಗೆ ಮನೆ ಮಾರುವ ಆಸೆ ಇಟ್ಟುಕೊಂಡಿದ್ದರೆ ಆ ಹಿಂಜರಿಕೆಗೆ ಏನು ಬೆಲೆ? ಧರ್ಮದ ಹೆಸರೆತ್ತದ ಈ ಊರಿನ ಕ್ರಯಪತ್ರ ನಮಗೆ ಈ ಪಾಠ ಕಲಿಸಿತು.

ಕಳೆದ ಸಲ ಫೋನ್ ಮಾಡಿದಾಗ ಚಾಚಾ ತಮ್ಮ ಬೀದಿಯ ಸುದ್ದಿ ಹೇಳಿದರು. ಅಕ್ಕಪಕ್ಕದ ಮೂರು ಮನೆಗಳು ಹೋಂಸ್ಟೇ ಆಗಿವೆಯಂತೆ. ಶನಿವಾರ, ಭಾನುವಾರ ಬೆಂಗಳೂರಿನ ಕಾರುಗಳಿಂದ ರಸ್ತೆ ತುಂಬುತ್ತದೆ, ಸೋಮವಾರದಿಂದ ಮಾತಾಡಿಸಲು ಒಬ್ಬರೂ ಇಲ್ಲ. "ನಮ್ಮ ಮನೆಗೂ ಒಳ್ಳೆಯ ಬೆಲೆ ಕೇಳುತ್ತಿದ್ದಾರೆ," ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಪಕ್ಕದ ಮನೆಯಲ್ಲಿ ಜನ ಇದ್ದಾರಾ?" ಎಂದು ಕೇಳಿದರು.

"ಇದ್ದಾರೆ ಚಾಚಾ, ವರ್ಷವಿಡೀ ಇರುತ್ತಾರೆ," ಎಂದೆವು.

"ಅಷ್ಟಿದ್ದರೆ ಸಾಕು ಬೇಟಾ," ಎಂದರು.