ಅಡ್ಡಿ ಇಲ್ರಿ, ಧಾರವಾಡ!

ಕಳೆದ ವರ್ಷ ಜೂನ್ ಎರಡನೇ ವಾರ. ಬೆಳಗಿನ ಜಾವ ಧಾರವಾಡ ರೈಲು ನಿಲ್ದಾಣದಲ್ಲಿ ಇಳಿದಾಗ ನಮ್ಮ ಜೊತೆ ಇದ್ದದ್ದು ಎರಡು ಸೂಟ್‌ಕೇಸು, ಒಂದು ಕುಕ್ಕರ್ರು, ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ ಡಬ್ಬಿ. ಹೊರಗೆ ಜಿಟಿಜಿಟಿ ಮಳೆ. ನಮ್ಮ ಮದುವೆಯಾಗಿ ಆಗ ಏಳು ತಿಂಗಳು. ನನ್ನಾಕೆ ಬ್ಯಾಂಕ್ ಅಧಿಕಾರಿ, ಬಡ್ತಿ ಜೊತೆಗೆ ಧಾರವಾಡಕ್ಕೆ ವರ್ಗವಾಗಿತ್ತು. ನನ್ನದು ಬೆಂಗಳೂರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ. ಮನೆಯಿಂದಲೇ ಮಾಡಬಹುದಿತ್ತು. ಹಾಗಾಗಿ ಯೋಚನೆ ಮಾಡುವಂಥದ್ದೇನೂ ಇಲ್ಲ ಅಂದುಕೊಂಡು ಹೊರಟುಬಿಟ್ಟೆವು.

ಯೋಚನೆ ಮಾಡಿದವರು ನಮ್ಮಪ್ಪ. ಮೈಸೂರಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತಿಯಾದವರು. “ಹೆಂಡ್ತಿ ಗಂಡನ ಊರಿಗೆ ಹೋಗೋದು ನೋಡಿದೀನಿ. ಗಂಡ ಹೆಂಡ್ತಿ ಹಿಂದೆ ಗಂಟುಮೂಟೆ ಕಟ್ಟೋದು ಇದೇ ಮೊದಲು ನೋಡ್ತಿರೋದು” ಅಂದರು. ತಮಾಷೆಗೆ ಅಂದಹಾಗಿತ್ತು. ಆದರೆ ಸ್ಟೇಷನ್ನಿಗೆ ಬಿಡಲು ಬರಲಿಲ್ಲ.

ಮಾಳಮಡ್ಡಿಯಲ್ಲಿ ಮಹಡಿ ಮೇಲೊಂದು ಮನೆ ಸಿಕ್ಕಿತು. ಮಾಲೀಕರ ಜೊತೆ ಮೊದಲ ದಿನದ ಮಾತುಕತೆ ನಾನು ಮರೆಯೋ ಹಾಗಿಲ್ಲ. “ಬಾಡಿಗೆ ಐದನೇ ತಾರೀಕು ಕೊಟ್ರೆ ಆಗುತ್ತಾ?” “ಅಡ್ಡಿ ಇಲ್ರಿ.” “ಗೋಡೆಗೆ ಮೊಳೆ ಹೊಡೀಬಹುದಾ?” “ಅಡ್ಡಿ ಇಲ್ರಿ.” “ಮನೆ ಚೆನ್ನಾಗಿದೆ, ಗಾಳಿ ಬೆಳಕು ಇದೆ.” “ಹೂಂನ್ರಿ, ಅಡ್ಡಿ ಇಲ್ಲ.” ನನ್ನಾಕೆ ಮಂಡ್ಯದವಳು. ಮೆಲ್ಲಗೆ ನನ್ನ ಕಿವಿಯಲ್ಲಿ, “ಇವರು ಒಪ್ಕೊಂಡ್ರಾ, ಇಲ್ವಾ?” ಅಂತ ಕೇಳಿದಳು. ‘ಆಗಬಹುದು’, ‘ಪರವಾಗಿಲ್ಲ’, ‘ಚೆನ್ನಾಗಿದೆ’, ‘ಸುಮಾರಾಗಿದೆ’ ಎಲ್ಲದಕ್ಕೂ ಇಲ್ಲಿ ಇದೊಂದೇ ಮಾತು ಸಾಕು ಅಂತ ತಿಳಿಯೋಕೆ ನಮಗೆ ಒಂದು ವಾರ ಬೇಕಾಯಿತು.

ಕನ್ನಡಿಗರಾಗಿ ಹುಟ್ಟಿ, ಕನ್ನಡ ಮೇಷ್ಟ್ರ ಮಗನಾಗಿ, ಮೂವತ್ತನೇ ವಯಸ್ಸಿನಲ್ಲಿ ಮತ್ತೆ ಕನ್ನಡ ಕಲಿತೆ ಅಂದರೆ ನೀವು ನಗಬಾರದು. ಮಾರುಕಟ್ಟೆಯಲ್ಲಿ ಈರುಳ್ಳಿ ಕೇಳಿದರೆ ಅಜ್ಜಿ “ಉಳ್ಳಾಗಡ್ಡಿ ಏನ್ರಿ?” ಅಂತ ತಿದ್ದುತ್ತಿದ್ದಳು. ಆಲೂಗಡ್ಡೆ ಬಟಾಟಿ ಆಯಿತು, ಕಡ್ಲೆಕಾಯಿ ಶೇಂಗಾ ಆಯಿತು, ನಮ್ಮ ಕಡ್ಲೆಪುರಿ ಚುರುಮರಿ ಆಯಿತು. ಆ ಚುರುಮರಿಗೆ ಉಳ್ಳಾಗಡ್ಡಿ, ಹುಣಸೆಹುಳಿಯ ಒಗ್ಗರಣೆ ಕಲಸಿ, ಪುಟಾಣಿ ಹಿಟ್ಟು ಉದುರಿಸಿ, ಪಕ್ಕಕ್ಕೊಂದು ಮಿರ್ಚಿ ಭಜಿ ಇಟ್ಟು ಕೊಟ್ಟರೆ ಅದು ಗಿರಮಿಟ್. ಮಳೆಗಾಲದ ಸಂಜೆ ಅದನ್ನು ತಿಂದವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಹಕ್ಕರಿಕಿ ಅನ್ನೋ ಸೊಪ್ಪನ್ನು ಮೊದಲ ಸಲ ತಂದು ನಾನು ಬೇಯಿಸಿ ಸಾರು ಮಾಡಿಬಿಟ್ಟೆ. ಕೆಳಗಿನ ಮನೆಯ ಅವ್ವಾರು (ಮಾಲೀಕರ ತಾಯಿ, ಎಪ್ಪತ್ತು ದಾಟಿದವರು) ಹಣೆ ಹಣೆ ಚಚ್ಚಿಕೊಂಡರು. “ಅಯ್ಯ ತಮ್ಮಾ, ಅದನ್ನ ಹಸೀದ ತಿನಬೇಕೋ! ರೊಟ್ಟಿ ಕೂಡ!”

ಈ ಅವ್ವಾರಿಗೆ ನಾನೇ ದೊಡ್ಡ ಒಗಟು. ಬೆಳಗ್ಗೆ ಹೆಂಡತಿ ಡಬ್ಬಿ ಹಿಡಿದು ಬ್ಯಾಂಕಿಗೆ ಹೋಗುತ್ತಾಳೆ, ಗಂಡ ಮನೆಯಲ್ಲಿ ಇರುತ್ತಾನೆ, ಕಾಯಿಪಲ್ಲೆ ತರುತ್ತಾನೆ, ಬಟ್ಟೆ ಒಣಹಾಕುತ್ತಾನೆ. ಓಣಿಯಲ್ಲಿ ಯಾರಾದರೂ ಕೇಳಿದರೆ ಅವರೇ ಉತ್ತರ ಕೊಟ್ಟುಬಿಡುತ್ತಿದ್ದರು: “ಆಕಿ ಬ್ಯಾಂಕಿನ್ಯಾಗ ಸಾಹೇಬ್ರು. ಇಂವ ಮನ್ಯಾಗ ಕುಂತು ಕಂಪ್ಯೂಟರ್ ಕೂಡ ಮಾತಾಡ್ತಾನ. ಅಡ್ಡಿ ಇಲ್ಲ, ಚೊಲೋ ಹುಡುಗ.”

ಆದರೆ ನಮ್ಮನ್ನು ಓಣಿಗೆ ಸೇರಿಸಿದ್ದು ನೀರು. ನಮ್ಮ ಓಣಿಗೆ ಆಗ ದಿನಾ ನೀರು ಬರುತ್ತಿರಲಿಲ್ಲ. ಎಷ್ಟೋ ದಿನಕ್ಕೊಮ್ಮೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಬಂದ ಮೊದಲ ವಾರ ನಸುಕಿನ ನಾಲ್ಕಕ್ಕೆ ಯಾರೋ ಬೀದಿಯಲ್ಲಿ “ನಳ ಬಂತ್ರೀ!” ಅಂತ ಕೂಗಿದರು. ನಳ ಅಂದರೆ ನಮಗೆ ದಮಯಂತಿಯ ಗಂಡ ಮಾತ್ರ ಗೊತ್ತಿದ್ದದ್ದು, ಮಗ್ಗಲು ಬದಲಿಸಿ ಮಲಗಿದೆವು. ಬೆಳಗ್ಗೆ ಎದ್ದರೆ ಸ್ನಾನಕ್ಕೆ ನೀರಿಲ್ಲ. ನಲ್ಲಿಯನ್ನು ಇಲ್ಲಿ ನಳ ಅನ್ನುತ್ತಾರೆ ಅನ್ನೋ ಪಾಠವನ್ನು ಎರಡು ದಿನ ಬಕೆಟ್ ಲೆಕ್ಕದಲ್ಲಿ ಕಲಿತೆವು. ನಮ್ಮ ಮಹಡಿಗೆ ನೀರು ಏರುತ್ತಲೂ ಇರಲಿಲ್ಲ. ಕೆಳಗೆ ಹಿಡಿದು ಹದಿನೆಂಟು ಮೆಟ್ಟಿಲು ಹೊರಬೇಕು. ನಾನು ಕೊಡ ತುಂಬಿಸೋದು, ಅವಳು ಮೇಲಿನ ಡ್ರಮ್ಮಿಗೆ ಸುರಿಯೋದು, ಮುಗಿಯೋ ಹೊತ್ತಿಗೆ ಅವ್ವಾರ ಮನೆಯಿಂದ ಎರಡು ಕಪ್ಪು ಚಹಾ. ಇಷ್ಟು ರೊಮ್ಯಾಂಟಿಕ್ ಆಗಿ ನಾವು ಹನಿಮೂನಿನಲ್ಲೂ ಇರಲಿಲ್ಲ.

ಪಂಚಮಿ ಬಂತು. ಈ ಕಡೆ ಅದು ಹೆಣ್ಣುಮಕ್ಕಳ ಹಬ್ಬ, ತವರಿಗೆ ಹೋಗಬೇಕು, ಜೋಕಾಲಿ ಆಡಬೇಕು. ನನ್ನಾಕೆಗೆ ರಜೆ ಇಲ್ಲ. ಅವ್ವಾರು ಹಿತ್ತಲ ಮಾವಿನ ಮರಕ್ಕೆ ಹಗ್ಗ ಕಟ್ಟಿಸಿದರು. “ತವರು ದೂರಾದ್ರ ಏನಾತು ಯವ್ವಾ, ಇಲ್ಲೊಂದು ಜೋಕಾಲಿ ಐತಲ್ಲ” ಅಂದರು. ತಟ್ಟೆ ತುಂಬಾ ಅಳ್ಳು, ಶೇಂಗಾ ಉಂಡಿ, ತಂಬಿಟ್ಟು. ಜೋಕಾಲಿ ಮೇಲೆ ಕೂತ ಬ್ಯಾಂಕ್ ಅಧಿಕಾರಿ ಸಂಜೆ ಅವರಮ್ಮನಿಗೆ ಫೋನ್ ಮಾಡಿ ಸ್ವಲ್ಪ ಅತ್ತಳು, ಆಮೇಲೆ ಉಂಡಿ ತಿಂದಳು.

ದಸರೆಗೆ ನನ್ನ ಸರದಿ. ಮೈಸೂರಿನವನಿಗೆ ಜಂಬೂಸವಾರಿ ಇಲ್ಲದ ದಸರೆ ಅಂದರೆ ಹೇಗಿರುತ್ತೆ ಹೇಳಿ. ಮುಖ ಸಪ್ಪೆ ಮಾಡಿಕೊಂಡು ಟಿವಿಯಲ್ಲಿ ಆನೆ ನೋಡುತ್ತಾ ಕೂತಿದ್ದೆ. ಸಂಜೆಯಾದಂತೆ ಓಣಿಯ ಸಣ್ಣವರು ದೊಡ್ಡವರು ಒಬ್ಬೊಬ್ಬರಾಗಿ ಬಂದು ಕೈಗೆ ಬನ್ನಿ ಎಲೆ ಕೊಟ್ಟರು. “ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ.” ಜೂನ್‌ನಿಂದ ಒಂದು ಮಾತೂ ಆಡದಿದ್ದ ಎದುರು ಮನೆಯವರೂ ಬಂದರು. ರಾತ್ರಿ ಎಣಿಸಿದರೆ ಮೇಜಿನ ಮೇಲೆ ಒಂದು ಬೊಗಸೆ ಎಲೆ.

ಊರು ನೋಡುವುದಕ್ಕೆ ಅಂತ ನಾವು ಹೋದದ್ದು ಕಡಿಮೆ. ಲೈನ್ ಬಜಾರಿನಲ್ಲಿ ಸರದಿ ನಿಂತು ಪೇಡೆ ತಂದಿದ್ದೇವೆ. ಹಾಲನ್ನು ಕಂದು ಬಣ್ಣ ಬರುವ ತನಕ ಕಾಸಿ, ಮೇಲೆ ಸಕ್ಕರೆ ಪುಡಿ ಹೊರಳಿಸಿದ ಆ ಪೇಡೆಗೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಆದರೆ ಅದನ್ನು ಇಲ್ಲಿ ಶುರು ಮಾಡಿದ್ದು 19ನೇ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ವಲಸೆ ಬಂದ ಠಾಕೂರ್ ಕುಟುಂಬ. ಹೊರಗಿಂದ ಬಂದವರ ಕೈರುಚಿಯೇ ಊರಿನ ಹೆಸರಾಯಿತು ಅನ್ನೋದು, ಹೊರಗಿಂದ ಬಂದ ನಮಗೆ ಧೈರ್ಯ ಕೊಡುವ ಸಂಗತಿ.

ನವೆಂಬರ್‌ನಲ್ಲಿ ಮದುವೆಯ ಮೊದಲ ವಾರ್ಷಿಕೋತ್ಸವ. ಅವ್ವಾರು “ಮೊದಲ ಸೋಮೇಶ್ವರಕ್ಕ ಹೋಗಿ ಕೈಮುಗದು ಬರ್ರಿ” ಅಂದರು. ಊರಂಚಿನ ಸೋಮೇಶ್ವರ ಗುಡಿಯ ಹತ್ತಿರವೇ ಶಾಲ್ಮಲಾ ನದಿ ಹುಟ್ಟುತ್ತದೆ. ನದಿ ಅಂತ ನಾವೇ ಹೇಳಿಕೊಳ್ಳಬೇಕು, ಅಷ್ಟು ಸಣ್ಣದು. ಇದು ಎಲ್ಲಿಗೆ ಹೋಗುತ್ತೆ ನೋಡೇಬಿಡೋಣ ಅಂತ ಅಲ್ಲಿಂದಲೇ ಬೈಕ್ ಹತ್ತಿದೆವು. ಕಲಘಟಗಿ ದಾಟಿ ಯಲ್ಲಾಪುರದ ಕಾಡು ಸೇರಿದಾಗ ಬಿಸಿಲು ಮಾಯ. ಅಲ್ಲಿ ಅದೇ ನೀರು ಬೇಡ್ತಿ ಅನ್ನೋ ಹೆಸರಿನಲ್ಲಿ ಮಾಗೋಡಿನಲ್ಲಿ ಬಂಡೆಯಿಂದ ಬಂಡೆಗೆ ಧುಮುಕುತ್ತದೆ. ಮಾರನೇ ದಿನ ಘಟ್ಟ ಇಳಿದು ಅಂಕೋಲಾ ದಾಟಿ ನೋಡಿದರೆ ಗಂಗಾವಳಿ ಅನ್ನಿಸಿಕೊಂಡು ಅಗಲವಾಗಿ ಸಮುದ್ರ ಸೇರುತ್ತಿತ್ತು. ದಡದಲ್ಲಿ ಕೂತು ನನ್ನಾಕೆ, “ಹೆಸರು ಎರಡು ಸಲ ಬದಲಾಯಿಸಿಕೊಂಡ್ರೂ ನೀರಿಗೆ ಏನೂ ಬೇಜಾರಿಲ್ಲ ನೋಡು. ನಿಮ್ಮಪ್ಪಂಗೆ ಹೇಳು” ಅಂದಳು. ಇಬ್ಬರೂ ನಕ್ಕೆವು.

ಫೆಬ್ರವರಿಯಲ್ಲಿ ನಗು ನಿಂತಿತು. ಕಂಪನಿಯಿಂದ ಮೇಲ್ ಬಂತು. ಮಾರ್ಚ್‌ನಿಂದ ವಾರಕ್ಕೆ ಮೂರು ದಿನ ಬೆಂಗಳೂರಿನ ಆಫೀಸಿಗೆ ಬರಲೇಬೇಕು.

ಅವಳಿಗೆ ಇಷ್ಟು ಬೇಗ ವರ್ಗ ಸಿಗುವಂತಿರಲಿಲ್ಲ. ನಾನು ಕೆಲಸ ಬಿಡ್ತೀನಿ ಅಂದೆ. ಅವಳು ಒಪ್ಪಲಿಲ್ಲ. “ನಿನಗೋಸ್ಕರ ಕೆಲಸ ಬಿಟ್ಟೆ ಅನ್ನೋ ಮಾತು ಇನ್ನು ಹತ್ತು ವರ್ಷ ಆದ ಮೇಲೆ ಒಂದು ದಿನ ಜಗಳದಲ್ಲಿ ಬರುತ್ತೆ. ನನಗೆ ಅದು ಬೇಡ” ಅಂದಳು. ಅಪ್ಪ ಫೋನಿನಲ್ಲಿ “ನಾನು ಆವತ್ತೇ ಹೇಳಿದ್ದೆ” ಅಂದರು. ಕೊನೆಗೆ ನಾನು ಓಡಾಡುವುದು ಅಂತ ತೀರ್ಮಾನವಾಯಿತು. ಸೋಮವಾರ ರಾತ್ರಿ ರೈಲು, ಮಂಗಳವಾರದಿಂದ ಗುರುವಾರ ಆಫೀಸು, ಎರಡು ರಾತ್ರಿ ಗೆಳೆಯನ ಮನೆ ಹಾಲ್‌ನಲ್ಲಿ, ಗುರುವಾರ ರಾತ್ರಿ ಮತ್ತೆ ರೈಲು. ಸುಮಾರು 430 ಕಿ.ಮೀ. ಹೋಗುತ್ತಾ, ಅಷ್ಟೇ ಬರುತ್ತಾ.

ದಿನಾ ರಾತ್ರಿ ಫೋನ್ ಮಾಡುತ್ತಿದ್ದೆವು. “ಊಟ ಆಯ್ತಾ?” “ಆಯ್ತು.” “ಹೇಗಿದೀಯಾ?” “ಅಡ್ಡಿ ಇಲ್ರಿ.” ಧಾರವಾಡದವರ ಹಾಗೆ ಹೇಳಿ ನಗುತ್ತಿದ್ದೆವು. ಹತ್ತು ವಾರ ಹೀಗೇ ನಡೆಯಿತು.

ಹನ್ನೊಂದನೇ ವಾರ ಶುಕ್ರವಾರ ಬೆಳಗ್ಗೆ ಮನೆಗೆ ಬಂದಾಗ ಅವಳು ಬಾಗಿಲು ತೆಗೆಯಲು ಗೋಡೆ ಹಿಡಿದುಕೊಂಡು ಬಂದಳು. ಕಾಲಿಗೆ ಕ್ರೇಪ್ ಬ್ಯಾಂಡೇಜು. ಮಂಗಳವಾರ ನಸುಕಿನಲ್ಲಿ ನಳ ಬಂದಿದೆ, ಒಬ್ಬಳೇ ಕೊಡ ಹೊತ್ತು ಮೆಟ್ಟಿಲು ಹತ್ತುವಾಗ ಜಾರಿದ್ದಾಳೆ. ಅವ್ವಾರ ಮಗನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ. ಮಂಗಳವಾರ, ಬುಧವಾರ, ಗುರುವಾರ, ಮೂರು ರಾತ್ರಿಯೂ ನನಗೆ ಸಿಕ್ಕ ಉತ್ತರ ‘ಅಡ್ಡಿ ಇಲ್ರಿ’.

“ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀನೇನ್ ಮಾಡ್ತಿದ್ದೆ? ಅಲ್ಲಿ ಕೂತು ಒದ್ದಾಡ್ತಿದ್ದೆ ಅಷ್ಟೇ.”

ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ, ನಿದ್ದೆಗೆಟ್ಟು ಮೀಟಿಂಗಿನಲ್ಲಿ ತೂಕಡಿಸಿ ಮ್ಯಾನೇಜರ್ ಹತ್ತಿರ ಎರಡು ಸಲ ಬೈಸಿಕೊಂಡದ್ದು ಬಾಯಿಂದ ಬಂದುಬಿಟ್ಟಿತು. “ಅದನ್ನ ನೀನ್ಯಾಕೆ ಹೇಳಲಿಲ್ಲ?” ಅಂದಳು. ಇಬ್ಬರೂ ಸುಮ್ಮನಾದೆವು. ಒಂದೇ ಮನೆಯಲ್ಲಿದ್ದಾಗ ಸಾರಿಗೆ ಉಪ್ಪು ಜಾಸ್ತಿಯಾದದ್ದಕ್ಕೂ ಜಗಳ ಆಡುತ್ತಿದ್ದವರು ನಾವು. ದೂರ ಹೋದ ಮೇಲೆ ಜಗಳವೇ ಇರಲಿಲ್ಲ, ಅದನ್ನು ಹೊಂದಾಣಿಕೆ ಅಂದುಕೊಂಡಿದ್ದೆವು. ನಿಜವಾಗಿ, ಇನ್ನೊಬ್ಬರಿಗೆ ತೊಂದರೆ ಬೇಡ ಅಂತ ಇಬ್ಬರೂ ಒಳ್ಳೆಯ ಸುದ್ದಿ ಮಾತ್ರ ಹೇಳುವುದನ್ನು ರೂಢಿ ಮಾಡಿಕೊಂಡಿದ್ದೆವು.

ಆ ಭಾನುವಾರ ಒಂದು ನೋಟ್‌ಬುಕ್ ತೆಗೆದುಕೊಂಡು ಲೆಕ್ಕಕ್ಕೆ ಕೂತೆವು. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಗುವಂತಿತ್ತು, ಸಂಬಳ ಮೂರನೇ ಒಂದು ಭಾಗ ಕಡಿಮೆ. ಕಾರು ತೆಗೆದುಕೊಳ್ಳುವುದು ಮುಂದಕ್ಕೆ ಹೋಯಿತು. ಮೈಸೂರಿನಲ್ಲಿ ಸೈಟಿಗೆ ಅಂತ ಕೂಡಿಡುತ್ತಿದ್ದದ್ದು ಅರ್ಧವಾಯಿತು. ಅವಳ ಹತ್ತು ವರ್ಷದ ಭಯಕ್ಕೆ ನಾನು ಪುಟದ ಕೊನೆಯಲ್ಲಿ ‘ಇದು ನಮ್ಮಿಬ್ಬರ ತೀರ್ಮಾನ’ ಅಂತ ಬರೆದು ಸಹಿ ಹಾಕಿದೆ. ಬ್ಯಾಂಕಿನವಳಲ್ಲವೇ, ದಿನಾಂಕ ಹಾಕಿಸಿ ತಾನೂ ಸಹಿ ಮಾಡಿದಳು. ಸುಳ್ಳು ಹೇಳುವುದಿಲ್ಲ, ಹಳೇ ಸಹೋದ್ಯೋಗಿಗಳ ಬಡ್ತಿ ಸುದ್ದಿ ಕೇಳಿದ ದಿನ ಈಗಲೂ ಒಳಗೆ ಚುರ್ ಅನ್ನುತ್ತದೆ. ಆದರೆ ಅದನ್ನು ಅವತ್ತೇ ಸಂಜೆ ಅವಳಿಗೆ ಹೇಳುತ್ತೇನೆ.

ಈಗ ದಿನಾ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಬರುತ್ತೇನೆ. ಚಿಗರಿ ಅಂದರೆ ಈ ಕಡೆ ಜಿಂಕೆ. ರಸ್ತೆ ನಡುವೆ ತನ್ನದೇ ದಾರಿಯಲ್ಲಿ ಓಡುವ ಬಸ್ಸು, ಸುಮಾರು 20 ಕಿ.ಮೀ. 430ರ ಮುಂದೆ ಅದೇನು ಮಹಾ.

ಮೇ ಕೊನೆಯಲ್ಲಿ ಅಪ್ಪ ಬಂದರು, ಒಬ್ಬರೇ. ಸಂಬಳದ ವಿಷಯ ಗೊತ್ತಾಗಿತ್ತು, ಮಾತು ಕಡಿಮೆ. ಎರಡನೇ ದಿನ ಸಾಧನಕೇರಿಗೆ ಕರೆದುಕೊಂಡು ಹೋದೆ. ಬೇಂದ್ರೆಯವರಿದ್ದ ಮನೆ ‘ಶ್ರೀಮಾತಾ’, ಎದುರಿಗೆ ಕೆರೆ. 1973ರಲ್ಲಿ ‘ನಾಕು ತಂತಿ’ಗೆ ಜ್ಞಾನಪೀಠ ಬಂದದ್ದನ್ನು ಅಪ್ಪ ಎಷ್ಟು ವರ್ಷ ಪಾಠ ಮಾಡಿದ್ದರೋ. ಆದರೆ ಈ ಕೆರೆಯನ್ನು ಕಣ್ಣಾರೆ ಕಂಡಿರಲಿಲ್ಲ. ಕಟ್ಟೆ ಮೇಲೆ ಬಹಳ ಹೊತ್ತು ಕೂತಿದ್ದರು. ಏಳುವಾಗ, “ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಟ್ಟೆ. ಒಂದು ಸಲ ಬಂದು ನೋಡಬೇಕು ಅನ್ನಿಸಲಿಲ್ಲ ನೋಡು” ಅಂದರು. ನನ್ನ ಕೆಲಸದ ಬಗ್ಗೆ ಏನೂ ಅನ್ನಲಿಲ್ಲ. ಇವತ್ತಿಗೂ ಅಂದಿಲ್ಲ.

ನಾಲ್ಕನೇ ದಿನ ನಸುಕಿನಲ್ಲಿ ಕೆಳಗಿನಿಂದ ಕೂಗು ಕೇಳಿ ಎಚ್ಚರವಾಯಿತು. ದನಿ ಓಣಿಯವರದ್ದಲ್ಲ. ಕಿಟಕಿಯಿಂದ ಬಗ್ಗಿ ನೋಡಿದರೆ ಅಪ್ಪ, ಪಂಚೆ ಮೇಲೆ ಕಟ್ಟಿ, ಕೈಯಲ್ಲಿ ಕೊಡ. “ಏಳ್ರೋ, ನಳ ಬಂತು!”

ಚಹಾ ಕುಡಿಯುತ್ತಾ ಅವರು ಅಮ್ಮನಿಗೆ ಫೋನ್ ಮಾಡಿದ್ದು ಒಳಗೆ ಕೇಳಿಸುತ್ತಿತ್ತು. ಹುಡುಗರು ಹೇಗಿದ್ದಾರೆ ಅಂತ ಅಮ್ಮ ಕೇಳಿರಬೇಕು.

“ಅಡ್ಡಿ ಇಲ್ಲ ಕಣೇ” ಅಂದರು. ಸ್ವಲ್ಪ ತಡೆದು, “ನೀರಿಗೊಂದು ಕಷ್ಟ” ಅಂತ ಸೇರಿಸಿದರು.