ಪಾಸ್‌ಬುಕ್ಕಿನಲ್ಲಿ ಬಂದ ದೊಡ್ಡ ಮೊತ್ತ

ಸೋಲಾಪುರದಲ್ಲಿ ನಮ್ಮ ವ್ಯಾಪಾರಕ್ಕೆ ಹಿಂದಿ, ಮರಾಠಿ ಬೇಕು. ಅಕ್ಕಲಕೋಟೆ ಕಡೆಯಿಂದ ಬರುವ ಅನೇಕರಿಗೆ ಕನ್ನಡವೇ ಸಾಕು. ಹಾಗೆ ಪರಿಚಯವಾದವರು ಸೈನಿಕರೊಬ್ಬರ ವಿಧವೆ, ನನ್ನ ಉಮ್ಮನ ಪ್ರಾಯದವರು. 2023ರ ಬೇಸಿಗೆಯಲ್ಲಿ ಪಾಸ್‌ಬುಕ್ ಹಿಡಿದು ಬಂದರು.

"ತಮ್ಮಾ, ಇಷ್ಟು ರೊಕ್ಕ ಒಮ್ಮೆಲೇ ಬಂದೈತಿ. ತಪ್ಪಿ ಬಂದಿದ್ರ ತಿರುಗಿ ಕೇಳ್ತಾರ. ಅದಕ್ಕ ಮುಟ್ಟಿಲ್ಲ."

ಅತ್ತ ಮೊಮ್ಮಗಳ ಕಾಲೇಜು ಫೀಸಿಗೆ ಸಾಲ ಹುಡುಕುತ್ತಿದ್ದರು!

ಸೋಲಾಪುರದ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಇಬ್ಬರೂ ಹೋದೆವು. ವಿಷಯ ತಿಳಿಯಿತು. 'ಒಂದು ಶ್ರೇಣಿ, ಒಂದು ಪಿಂಚಣಿ'ಯ ಪರಿಷ್ಕರಣೆ 2019ರ ಜುಲೈ 1ರಿಂದ ಅನ್ವಯ. ಆ ಬಾಕಿಯನ್ನು ಕುಟುಂಬ ಪಿಂಚಣಿದಾರರಿಗೆ 2023ರ ಏಪ್ರಿಲ್ 30ರೊಳಗೆ ಒಂದೇ ಕಂತಿನಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತ್ತು. ಹಣ ಅವರದ್ದೇ. ಅದೇ ವಾರ ಫೀಸು ಕಟ್ಟಿದರು.

ತಿಂಗಳ ಲೆಕ್ಕವೂ ಕಷ್ಟವಿಲ್ಲ. ಮೂಲ ಪಿಂಚಣಿ, ಅದರ ಮೇಲೆ ತುಟ್ಟಿ ಪರಿಹಾರ. ಪರಿಹಾರದ ಏರಿಕೆ ಜನವರಿ, ಜುಲೈಯಿಂದ ಲೆಕ್ಕ. ಆದೇಶ ತಡವಾಗಿ ಬರುವುದರಿಂದ ಹಿಂದಿನ ತಿಂಗಳುಗಳ ಬಾಕಿ ಒಟ್ಟಿಗೆ ಬೀಳುತ್ತದೆ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಲೇಬೇಕು, ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ.

ನಮ್ಮ ಬ್ಯಾರಿ ಮನೆಗಳಲ್ಲೂ ಎಷ್ಟೋ ಉಮ್ಮಂದಿರ ಪಾಸ್‌ಬುಕ್ ಇರುವುದು ಗಂಡುಮಕ್ಕಳ ಕೈಯಲ್ಲಿ. ಎಂಟ್ರಿ ಹಾಕಿಸಿ ತಂದ ದಿನ ಅವರ ಎದುರು ಕುಳಿತು ಒಂದೊಂದೇ ಸಾಲು ಓದಿ ಹೇಳಿ. ಹಣ ಎಲ್ಲಿಂದ ಬಂತೆಂದು ಗೊತ್ತಿಲ್ಲದವರು ತಮ್ಮ ಹಕ್ಕಿನದ್ದನ್ನೂ ಖರ್ಚು ಮಾಡಲು ಹೆದರುತ್ತಾರೆ.