ಮಸಿಯ ಋಣ

ಬೆಂಗಳೂರಿನ ಗೃಹಸ್ಥರೊಬ್ಬರ ಡೀಸೆಲ್ ಕಾರಿನಲ್ಲಿ ಒಂದು ದಿನ ಹಳದಿಯ ದೀಪವೊಂದು ಹೊತ್ತಿಕೊಂಡಿತು. ಹೊಗೆಯೊಳಗಣ ಮಸಿಯನ್ನು ತಡೆಹಿಡಿಯುವ ಫಿಲ್ಟರು ಕಟ್ಟಿಕೊಂಡಿತೆಂಬುದಕ್ಕೆ ಅದು ಸೂಚನೆ. 2020ನೆಯ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮವು ಜಾರಿಗೆ ಬಂದಂದಿನಿಂದ ನಮ್ಮ ದೇಶದ ಡೀಸೆಲ್ ಕಾರುಗಳಲ್ಲಿ ಈ ಅಂಗವು ಸಾಮಾನ್ಯವಾಗಿದೆ.

ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವೇರಿದರೆ ಫಿಲ್ಟರು ತಾನು ನುಂಗಿದ ಮಸಿಯನ್ನು ತಾನೇ ದಹಿಸಿಕೊಳ್ಳುವುದು. ಆ ಕಾವು ಹೆದ್ದಾರಿಯ ಎಡೆಬಿಡದ ಓಟದಲ್ಲಿ ಒದಗುವುದೇ ಹೊರತು ಪೇಟೆಯ ಕಿರುಪಯಣದಲ್ಲಿ ಒದಗದು. ಗೃಹಸ್ಥರಿಗಾದರೋ ಮನೆಯಿಂದ ಕಚೇರಿಗೆ ಎರಡೇ ಕಿಲೋಮೀಟರು.

“ಹೊಸತು ಹಾಕಿದರೂ ಮತ್ತೆ ಕಟ್ಟೀತು, ಕಿತ್ತೆಸೆದುಬಿಡೋಣ, ಯಾರಿಗೆ ತಿಳಿಯಬೇಕು?” ಎಂದನು ಮೆಕ್ಯಾನಿಕ್ಕು. ಹೊಸತರ ಬೆಲೆಯನ್ನು ಕೇಳಿ ಬೆವರಿದ್ದವರಿಗೆ ಆ ಮಾತು ಹಿತವಾಗಿಯೇ ಕಂಡಿತು.

ಆ ರಾತ್ರಿ ಉಬ್ಬಸದ ಮೊಮ್ಮಗಳು ಬಹಳ ಹೊತ್ತು ಕೆಮ್ಮಿದಳು. ಮಗುವಿನ ಬೆನ್ನನ್ನು ನೀವುತ್ತ ಕುಳಿತವರಿಗೆ, ಫಿಲ್ಟರಿನಲ್ಲಿ ನಿಲ್ಲದ ಮಸಿಯು ಯಾರದಾದರೂ ಎದೆಯಲ್ಲಿ ನಿಲ್ಲಲೇಬೇಕಷ್ಟೆ ಎಂಬುದು ಹೊಳೆಯಿತು. ಡೀಸೆಲ್ ಹೊಗೆಯು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಪರಿಣತರು 2012ರಲ್ಲಿಯೇ ನಿರ್ಣಯಿಸಿರುವರು.

ಭಾನುವಾರ ಅವರು ಕೈಪಿಡಿಯಲ್ಲಿ ಹೇಳಿದಂತೆ ತುಮಕೂರಿನ ಹೆದ್ದಾರಿಯಲ್ಲಿ ಕಾರನ್ನು ನಿಲ್ಲಿಸದೆ ಓಡಿಸಿದರು. ದೀಪವು ಆರಿತು. ಸೋಮವಾರ ಕೊಡೆಯನ್ನು ಹಿಡಿದು ಕಚೇರಿಗೆ ನಡೆದೇ ಹೊರಟರು.